ತಲೆ ತಂದವರಿಗೆ ಬಿಡುಗಡೆ: ರೋಮ್ ಆಟಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಇತಿಹಾಸದ ಮೇಲೆ ಬಂದಿರುವ ವಿಡಿಯೋ ಗೇಮ್‌ಗಳನ್ನು ಆಡಿ ನೋಡದೆ ಇತಿಹಾಸದ ಶಿಕ್ಷಕರು ಬೈಯಬಾರದು ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಪ್ರಾಚೀನ ರೋಮ್‌ನ ಕಥೆಯಿರುವ ವಿಡಿಯೋ ಗೇಮ್‌ಗಳ ಕುರಿತ ಪ್ರಶ್ನೆಗಳೇ ಹೆಚ್ಚು. ಧಾರವಾಡದ ಕಾಲೇಜೊಂದರಲ್ಲಿ ರೋಮ್‌ನ ಪಾಠವನ್ನು ಬಹಳ ವರ್ಷ ಹೇಳಿದವಳು ನಾನು. ನಿವೃತ್ತಿಯ ನಂತರ ತಂಗಿಯ ಮಗನ ಕಂಪ್ಯೂಟರಿನಲ್ಲಿ ಈ ಆಟಗಳನ್ನು ಕುಳಿತು ಆಡಿದ್ದೇನೆ. ಈ ಸಲದ ಉತ್ತರಗಳೆಲ್ಲ ರೋಮ್‌ಗೇ ಮೀಸಲು.

ಅಕ್ಕಾವರೇ, ನಾವು ಇಂಜಿನಿಯರಿಂಗ್ ಓದುತ್ತಿರುವ ಗೆಳೆಯರು. ಹನ್ನಿಬಾಲನ ಕಾಲದ ಒಬ್ಬ ರೋಮನ್ ಸೈನಿಕನ ಮೇಲೆ ಚಿಕ್ಕ ಆಟ ಕಟ್ಟುತ್ತಿದ್ದೇವೆ. ಸಿನಿಮಾಗಳಲ್ಲಿ ಕಾಣುವ ಪಟ್ಟಿಪಟ್ಟಿಯ ಕಬ್ಬಿಣದ ಕವಚವನ್ನು ನಾಯಕನಿಗೆ ತೊಡಿಸಿದ್ದೆವು. ಆ ಕಾಲದಲ್ಲಿ ಅದು ಇರಲೇ ಇಲ್ಲ, ತೆಗೆಯಬೇಕು ಎಂದು ಒಬ್ಬ ಹಟ ಹಿಡಿದಿದ್ದಾನೆ. ಇದು ಆಟ, ಪರೀಕ್ಷೆಯ ಉತ್ತರಪತ್ರಿಕೆಯಲ್ಲ ಎಂದು ಇನ್ನೊಬ್ಬನ ವಾದ. ಎಲ್ಲಿಯವರೆಗೆ ನಿಜ ಹೇಳಬೇಕು, ಎಲ್ಲಿಂದ ಕಲ್ಪಿಸಬಹುದು? — ವಿದ್ಯಾನಗರ, ಹುಬ್ಬಳ್ಳಿ

ತಮ್ಮಂದಿರೇ, ಮೊದಲು ಕವಚದ ಜಗಳ ತೀರಿಸೋಣ. ಹಟ ಹಿಡಿದವನು ಹೇಳುವುದು ಸರಿ. ಕಾರ್ಥೇಜಿನ ಸೇನಾಪತಿ ಹನ್ನಿಬಾಲ್ ರೋಮ್ ಮೇಲೆ ದಂಡೆತ್ತಿ ಆಲ್ಪ್ಸ್ ಪರ್ವತ ದಾಟಿದ್ದು ಕ್ರಿ.ಪೂ. 218ರಲ್ಲಿ. ಪಟ್ಟಿ ಕವಚದ ಅತಿ ಹಳೆಯ ತುಣುಕುಗಳು ಜರ್ಮನಿಯ ನೆಲದಲ್ಲಿ ಸಿಕ್ಕಿವೆ. ಅವು ರೋಮ್‌ನ ಮೊದಲ ಸಾಮ್ರಾಟ ಅಗಸ್ಟಸ್‌ನ ಕಾಲದವು, ಹನ್ನಿಬಾಲನಿಗಿಂತ ಸುಮಾರು ಇನ್ನೂರು ವರ್ಷ ಈಚಿನವು.

ಆದರೆ ತಪ್ಪು ಎಂದಷ್ಟೇ ಹೇಳಿ ನಿಲ್ಲಿಸಿದರೆ ಇನ್ನೊಬ್ಬ ಗೆಳೆಯನ ಕೈಗೆ ಏನೂ ಸಿಗುವುದಿಲ್ಲ. ಹಾಗಾದರೆ ಆ ಸೈನಿಕ ತೊಟ್ಟದ್ದೇನು ಎಂದು ಕೇಳಿ. ಕ್ರಿ.ಪೂ. 2ನೇ ಶತಮಾನದಲ್ಲಿ ರೋಮ್‌ನಲ್ಲಿದ್ದು ಅದರ ಸೈನ್ಯವನ್ನು ಹತ್ತಿರದಿಂದ ಕಂಡ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಅದನ್ನು ಬರೆದಿಟ್ಟಿದ್ದಾನೆ. ಸಾಮಾನ್ಯ ಸೈನಿಕನ ಎದೆಯ ಮೇಲೆ ಒಂದು ಗೇಣು ಚೌಕದ ಕಂಚಿನ ತಗಡು. ಹತ್ತು ಸಾವಿರ ದ್ರಾಖ್ಮಾಗಿಂತ ಹೆಚ್ಚು ಆಸ್ತಿಯುಳ್ಳವರಿಗೆ ಉಂಗುರಗಳನ್ನು ಹೆಣೆದು ಮಾಡಿದ ಕವಚ. ಎಲ್ಲರಿಗಿಂತ ಬಡವರು ಮತ್ತು ಕಿರಿಯರು ಎಸೆಯುವ ಈಟಿಗಳನ್ನು ಹಿಡಿದು ಎಲ್ಲರಿಗಿಂತ ಮುಂದೆ ಓಡುತ್ತಿದ್ದರು. ಅವರಲ್ಲಿ ಯಾರು ಧೈರ್ಯದಿಂದ ಕಾದಿದರು, ಯಾರು ಹಿಂಜರಿದರು ಎಂಬುದು ಅಧಿಕಾರಿಗಳಿಗೆ ದೂರದಿಂದಲೇ ಕಾಣಲೆಂದು ಶಿರಸ್ತ್ರಾಣದ ಮೇಲೆ ತೋಳದ ಚರ್ಮ ಹೊದೆಯುತ್ತಿದ್ದರು.

ಇಷ್ಟರಲ್ಲಿ ನಿಮಗೆ ಎಷ್ಟೊಂದು ಸಿಕ್ಕಿತು ನೋಡಿ. ಸಾಲಾಗಿ ನಿಂತವರ ಎದೆ ನೋಡಿದರೆ ಸಾಕು, ಯಾರು ಉಳ್ಳವರು, ಯಾರು ಇಲ್ಲದವರು ಎಂದು ತಿಳಿಯುತ್ತದೆ. ನಾಯಕನಿಗೆ ಗೇಣು ತಗಡು ಕೊಡಿ, ಪಕ್ಕದವನಿಗೆ ಉಂಗುರ ಕವಚ ಕೊಡಿ. ಒಂದೇ ಏಟು ಇಬ್ಬರ ಮೇಲೂ ಬಿದ್ದು ಒಬ್ಬ ಉಳಿದರೆ, ರೋಮ್‌ನ ಬಡವ ಬಲ್ಲಿದರ ಲೆಕ್ಕವನ್ನು ಆಡುವವನು ತಾನಾಗಿ ಅರಿಯುತ್ತಾನೆ. ಪಟ್ಟಿ ಕವಚ ಕಣ್ಣಿಗೆ ಚೆನ್ನ, ಆದರೆ ಅದರಿಂದ ಈ ಕಥೆ ಹುಟ್ಟುವುದಿಲ್ಲ. ನಿಜವನ್ನು ಹುಡುಕುವುದರಿಂದ ಕಲ್ಪನೆ ಬಡವಾಗುತ್ತದೆ ಎಂಬ ಮಾತನ್ನು ನಾನು ಒಪ್ಪದಿರುವುದು ಇಂಥ ಕಾರಣಗಳಿಗಾಗಿ.

ಇನ್ನೊಂದು ಪ್ರಸಂಗ ಹೇಳುತ್ತೇನೆ, ನಿಮ್ಮ ಆಟಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗಲಾರದು. ಕ್ರಿ.ಪೂ. 216ರಲ್ಲಿ ಕ್ಯಾನಿ ಎಂಬಲ್ಲಿ ಹನ್ನಿಬಾಲ್ ರೋಮ್‌ನ ಸೈನ್ಯವನ್ನು ಸುತ್ತುಗಟ್ಟಿ ಕತ್ತರಿಸಿ ಹಾಕಿದ. ಸೈನಿಕರೇ ಇಲ್ಲದಂತಾದ ರೋಮ್ ಸರ್ಕಾರದ ಹಣದಿಂದ 8,000 ಗುಲಾಮ ಯುವಕರನ್ನು ಕೊಂಡು, ಸೈನ್ಯಕ್ಕೆ ಸೇರಲು ಒಪ್ಪಿಗೆಯೇ ಎಂದು ಒಬ್ಬೊಬ್ಬನನ್ನೂ ಕೇಳಿ, ಆಯುಧ ಕೊಟ್ಟಿತು. ಎರಡು ವರ್ಷದ ನಂತರ ಬೆನೆವೆಂಟಂ ಬಳಿ ಅವರ ಸೇನಾಪತಿ ಟೈಬೀರಿಯಸ್ ಸೆಂಪ್ರೋನಿಯಸ್ ಗ್ರಾಕಸ್ ಯುದ್ಧದ ಹಿಂದಿನ ದಿನ ಘೋಷಿಸಿದ: ಶತ್ರುವಿನ ತಲೆ ತಂದವನಿಗೆ ಆ ಕ್ಷಣವೇ ಬಿಡುಗಡೆ. ಮರುದಿನ ಏನಾಯಿತೆಂದು ರೋಮ್‌ನ ಇತಿಹಾಸಕಾರ ಲಿವಿ ಬರೆದಿದ್ದಾನೆ. ಒಬ್ಬನನ್ನು ಕೆಡವಿದ ಕೂಡಲೇ ಅವನ ತಲೆ ಕಡಿಯುತ್ತ ಕೂತರು. ಆ ಗದ್ದಲದಲ್ಲಿ ತಲೆ ಬೇರ್ಪಡಿಸುವುದು ಸುಲಭವಲ್ಲ, ಸಮಯ ಹೋಯಿತು. ಕಡಿದ ಮೇಲೆ ಬಲಗೈಯಲ್ಲಿ ತಲೆ ಹಿಡಿದವನು ಕತ್ತಿ ಹಿಡಿಯುವುದೆಲ್ಲಿ? ಎಲ್ಲರಿಗಿಂತ ಶೂರರಾದವರೇ ಕಾದಾಟ ಬಿಟ್ಟು ನಿಂತರು, ಕಾದುವ ಕೆಲಸ ಹೇಡಿಗಳ ಪಾಲಾಯಿತು. ಅಧಿಕಾರಿಗಳು ಓಡಿ ಬಂದು ಹೇಳಿದಾಗ ಗ್ರಾಕಸ್ ತಲೆಗಳನ್ನು ಎಸೆಯಲು ಆಜ್ಞೆ ಮಾಡಿದ. ಆಮೇಲೂ ಕಾಳಗ ಎಳೆದಾಡಿದಾಗ ನಿಯಮವನ್ನೇ ಬದಲಿಸಿದ: ಈ ದಿನ ಶತ್ರು ಸೋತು ಓಡದಿದ್ದರೆ ಯಾರಿಗೂ ಬಿಡುಗಡೆಯಿಲ್ಲ. ಆಗ ಗೆದ್ದರು, ಎಲ್ಲರಿಗೂ ಬಿಡುಗಡೆ ಸಿಕ್ಕಿತು. ಹಿಂಜರಿದು ಗುಡ್ಡದ ಮೇಲೆ ನಿಂತವರನ್ನೂ ಗ್ರಾಕಸ್ ಬಿಡುಗಡೆ ಮಾಡಿದ, ಆದರೆ ಸೈನ್ಯದಲ್ಲಿ ಇರುವಷ್ಟು ಕಾಲ ಅವರು ನಿಂತೇ ಊಟ ಮಾಡಬೇಕೆಂದು ಶಿಕ್ಷೆ ವಿಧಿಸಿದ.

ಕೊಂದಷ್ಟೂ ಪಾಯಿಂಟ್ ಎಂಬುದು ನೀವು ಆಡಿ ಬೆಳೆದ ಎಷ್ಟೋ ಆಟಗಳ ನಿಯಮ. ಆ ನಿಯಮವನ್ನು ನಿಜವಾದ ಮನುಷ್ಯರ ಮೇಲೆ ಹೂಡಿದಾಗ ಏನಾಯಿತು ಎಂಬುದರ ವರದಿ ಇಲ್ಲಿದೆ. ಆಡುವವನಿಗೆ ಮೊದಲು ತಲೆಗೊಂದು ಪಾಯಿಂಟ್ ಕೊಡಿ, ಅವನ ಸಾಲು ಕುಸಿಯಲಿ, ಆಮೇಲೆ ಗ್ರಾಕಸ್‌ನ ಎರಡನೆಯ ಆಜ್ಞೆ ಬರಲಿ. ಇನ್ನು ನಿಮ್ಮ ನಾಯಕ ಯಾರು? ಎಲ್ಲಿಂದ ಬಂದ? ಸೈನ್ಯಕ್ಕೆ ಒಪ್ಪಿಗೆಯೇ ಎಂದು ಕೇಳಿದಾಗ ಅವನ ಮನಸ್ಸಿನಲ್ಲಿ ಏನಿತ್ತು? ತಲೆ ಕಡಿಯುವಾಗ ಕೈ ನಡುಗಿತೇ? ಲಿವಿ ಇದನ್ನೆಲ್ಲ ಬರೆಯಲಿಲ್ಲ. ಅವನು ಬಿಟ್ಟ ಈ ಜಾಗ ಪೂರ್ತಿ ನಿಮ್ಮದು. ಊರು ಕಟ್ಟಿ, ಹೆಸರಿಡಿ, ಅವನಿಗೊಬ್ಬ ತಂಗಿಯನ್ನು ಕೊಡಿ. ದಿನಗಟ್ಟಲೆ ನಡೆದ ದಾರಿಯನ್ನು ಎರಡು ನಿಮಿಷಕ್ಕೆ ಇಳಿಸಿದರೂ ನನ್ನ ತಕರಾರಿಲ್ಲ. ದೂರ, ಕಾಲ, ಸೈನ್ಯದ ಗಾತ್ರ ಇವನ್ನು ಕುಗ್ಗಿಸದೆ ಯಾವ ಆಟವೂ ಆಡಲು ಬರುವುದಿಲ್ಲ.

ಗೆರೆ ಎಲ್ಲಿ ಎಂದು ಕೇಳಿದ್ದೀರಿ. ಹಾನಗಲ್ಲಿಗೆ ಹೋದರೆ ತಾರಕೇಶ್ವರ ಗುಡಿಯಲ್ಲಿ ವೀರಗಲ್ಲುಗಳನ್ನು ನೋಡಿ, ಅಥವಾ ನಿಮ್ಮ ಅಜ್ಜನ ಊರಿನ ಹನುಮಪ್ಪನ ಗುಡಿಯ ಬದಿಗೆ ಒಂದಾದರೂ ಇದ್ದೀತು. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗವಿರುತ್ತದೆ. ಶಿಲ್ಪಿ ಅಲ್ಲಿ ಬಿಲ್ಲು, ಕತ್ತಿ, ಗುರಾಣಿ, ತುರುಗಾಳಗವಾದರೆ ದನಗಳು, ಎಲ್ಲವನ್ನೂ ತನ್ನ ಕಾಲದಲ್ಲಿ ಕಂಡಂತೆ ಕೆತ್ತಿದ್ದಾನೆ. ಅದಕ್ಕೇ ಸಂಶೋಧಕರು ಆ ಕಾಲದ ಆಯುಧಗಳನ್ನು ತಿಳಿಯಲು ಇಂದಿಗೂ ಅಲ್ಲಿಗೆ ಹೋಗುತ್ತಾರೆ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುತ್ತಾರೆ. ಮೇಲೆ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕೂತಿದ್ದಾನೆ. ಮೇಲಿನದಕ್ಕೆ ಯಾರೂ ಸಾಕ್ಷಿ ಕೇಳುವುದಿಲ್ಲ, ಕೆಳಗಿನದನ್ನು ಯಾರೂ ಕಟ್ಟುಕಥೆ ಎನ್ನುವುದಿಲ್ಲ. ನಡುವೆ ಶಿಲ್ಪಿ ಅಡ್ಡಪಟ್ಟಿ ಬಿಟ್ಟಿದ್ದಾನೆ. ನಿಮ್ಮ ಆಟದಲ್ಲೂ ಅದು ಇರಲಿ. ಮೇಲಿನ ಪಟ್ಟಿಕೆಗೆ ಎಷ್ಟು ಎತ್ತರ ಬೇಕಾದರೂ ಏರಿ, ಆದರೆ ತಾನು ಯಾವ ಪಟ್ಟಿಕೆಯಲ್ಲಿದ್ದೇನೆ ಎಂದು ಆಡುವವನಿಗೆ ತಿಳಿಯಬೇಕು.

2021ರಲ್ಲಿ ಬಂದ 'ದಿ ಫರ್ಗಾಟನ್ ಸಿಟಿ' ಈ ಕೆಲಸವನ್ನು ಚೆನ್ನಾಗಿ ಮಾಡಿದೆ. ನೆಲದಡಿಯ ಒಂದು ರೋಮನ್ ಊರು. ಅಲ್ಲಿ ಒಬ್ಬ ಪಾಪ ಮಾಡಿದರೆ ಎಲ್ಲರೂ ಚಿನ್ನದ ಪ್ರತಿಮೆಗಳಾಗುತ್ತಾರೆ. ಚಿನ್ನವಾಗುವುದನ್ನು ಯಾರೂ ಇತಿಹಾಸವೆಂದು ನಂಬುವುದಿಲ್ಲ, ಆದ್ದರಿಂದ ಅದರಿಂದ ಹಾನಿಯಿಲ್ಲ. ತದ್ವಿರುದ್ಧವಾಗಿ 2004ರ 'ರೋಮ್: ಟೋಟಲ್ ವಾರ್' ನೋಡಿ. ಯುದ್ಧದ ಆಟವಾಗಿ ಅದು ದೊಡ್ಡ ಸಾಧನೆ, ಗಂಟೆಗಟ್ಟಲೆ ಆಡಿದ್ದೇನೆ. ಆದರೆ ಕ್ರಿ.ಪೂ. 270ರಲ್ಲಿ ಶುರುವಾಗುವ ಆಟದಲ್ಲಿ ಈಜಿಪ್ಟಿನ ಸೈನ್ಯ ಸಾವಿರ ವರ್ಷ ಹಿಂದಿನ ಫೇರೋಗಳ ಕಾಲದ ರಥ, ವೇಷಗಳಲ್ಲಿ ಬರುತ್ತದೆ. ಆಗ ಈಜಿಪ್ಟನ್ನು ಆಳುತ್ತಿದ್ದವರು ಅಲೆಕ್ಸಾಂಡರನ ಸೇನಾನಿ ಟಾಲೆಮಿಯ ವಂಶದವರು, ಗ್ರೀಕ್ ಮಾತನಾಡುವ ಮೆಸಿಡೋನಿಯನ್ನರು. ಪರದೆಯ ಮೇಲೆ ದೂರದಿಂದಲೇ ಗುರುತು ಸಿಗುವ ಅನುಕೂಲ ಈ ವೇಷಕ್ಕಿದೆ, ಒಪ್ಪುತ್ತೇನೆ. ಆದರೆ ಅದು ಮೇಲಿನ ಪಟ್ಟಿಕೆಯದನ್ನು ಕೆಳಗಿನ ಪಟ್ಟಿಕೆಯಲ್ಲಿ ಇಟ್ಟಿದೆ, ಆಡುವವನಿಗೆ ಅದು ತಿಳಿಯುವ ದಾರಿಯೂ ಇಲ್ಲ. ಇಂಥವನ್ನು ತಿದ್ದಲೆಂದೇ ಆಟಗಾರರ ತಂಡವೊಂದು 'ಯುರೋಪಾ ಬಾರ್ಬರೋರಮ್' ಎಂಬ ಮಾರ್ಪಾಡನ್ನು ಸಂಬಳವಿಲ್ಲದೆ ಕಟ್ಟಿತು. ನಿಜ ಬೇಕೆನ್ನುವವರು ಆಟದ ಆನಂದ ತಿಳಿಯದವರು ಎಂಬ ಮಾತಿಗೆ ಆ ತಂಡವೇ ಉತ್ತರ.

ಅಕ್ಕಾವರೇ, ಮಗ ಪಿಯುಸಿ ಓದುತ್ತಿದ್ದಾನೆ. ನೀರೋ ಕೊಲೋಸಿಯಂನಲ್ಲಿ ಕುಳಿತು ಹೆಬ್ಬೆರಳು ಕೆಳಗೆ ಮಾಡಿದರೆ ಸಾವು, ಕೊಮೊಡಸ್ ನೀರೋನ ಮಗ, ಎಲ್ಲ ಆಟದಲ್ಲಿ ನೋಡಿದ್ದೇನೆ ಎನ್ನುತ್ತಾನೆ. ಆಟ ಬಿಡಿಸಬೇಕೇ? — ಬೆಟಗೇರಿ, ಗದಗ

ತಂಗಿ, ಅವನು ಹೇಳುತ್ತಿರುವುದು 2013ರ 'ರೈಸ್: ಸನ್ ಆಫ್ ರೋಮ್' ಆಟದ ಕಥೆಯಂತೆ ಕಾಣುತ್ತದೆ. ರಕ್ತಪಾತ ವಿಪರೀತ, ಯುರೋಪಿನಲ್ಲಿ ಹದಿನೆಂಟು ತುಂಬಿದವರಿಗೆಂದು ಗುರುತು ಹಾಕಿದ ಆಟ. ಅದನ್ನು ಸದ್ಯಕ್ಕೆ ಬದಿಗಿಡಿಸಿ. ಆಟಗಳನ್ನೇ ಬಿಡಿಸಬೇಡಿ.

ಸಾಮ್ರಾಟ ನೀರೋ ಸತ್ತದ್ದು ಕ್ರಿ.ಶ. 68ರಲ್ಲಿ. ಜನರ ಮುಂದೆ ಕಾಳಗದ ಆಟಗಳು ನಡೆಯುತ್ತಿದ್ದ ರೋಮ್ ನಗರದ ಅಖಾಡ ಕೊಲೋಸಿಯಂ ಕಟ್ಟಲು ತೊಡಗಿದವನು ಆಮೇಲೆ ಬಂದ ವೆಸ್ಪೇಷಿಯನ್. ಅವನ ಮಗ ಟೈಟಸ್ 80ರಲ್ಲಿ ಅದನ್ನು ತೆರೆದ. ಅದನ್ನು ಕಟ್ಟಿದ ಜಾಗ ಯಾವುದು ಗೊತ್ತೇ? ನೀರೋ ತನ್ನ ಅರಮನೆಗೆಂದು ತೋಡಿಸಿದ್ದ ಕೆರೆ. ಒಬ್ಬನ ಭೋಗಕ್ಕೆ ಇದ್ದದ್ದನ್ನು ಬತ್ತಿಸಿ ಊರಿಗೆಲ್ಲ ಆಟದ ಬಯಲು ಮಾಡಿದರು. ನೀರೋನನ್ನು ಅಲ್ಲಿ ಕೂರಿಸಿದಾಗ ಈ ರಾಜಕೀಯವೆಲ್ಲ ಅಳಿಸಿಹೋಗುತ್ತದೆ. ಅಖಾಡದಲ್ಲಿ ಸೋತವನ ಸಾವು ಬದುಕನ್ನು ಹೇಳುವ ಹೆಬ್ಬೆರಳಿನ ವಿಷಯ: 'ತಿರುಗಿಸಿದ ಹೆಬ್ಬೆರಳು' ಎಂದು ಲ್ಯಾಟಿನ್ ಬರಹಗಾರರು ಹೇಳಿದ್ದಾರೆ, ಯಾವ ಕಡೆಗೆ ಎಂದು ಹೇಳಿಲ್ಲ. ಕೆಳಮುಖದ ಹೆಬ್ಬೆರಳು ಜನರ ಕಣ್ಣಲ್ಲಿ ನೆಲೆಸಿದ್ದಕ್ಕೆ 1872ರಲ್ಲಿ ಫ್ರೆಂಚ್ ಕಲಾವಿದ ಜೆರೋಮ್ ಬರೆದ ಒಂದು ವರ್ಣಚಿತ್ರ ದೊಡ್ಡ ಕಾರಣ.

ಕೊಮೊಡಸ್ ನೀರೋನ ಮಗನಲ್ಲ. ಸಾಮ್ರಾಟ ಮಾರ್ಕಸ್ ಅರೇಲಿಯಸ್‌ನ ಮಗ, ಸತ್ತದ್ದು 192ರಲ್ಲಿ. ಮಗನಿಗೆ ಈ ಇಸವಿಗಳನ್ನು ಒಪ್ಪಿಸಿದರೆ ಮುಖ ತಿರುಗಿಸುತ್ತಾನೆ. ಬದಲಿಗೆ ಇದನ್ನು ಹೇಳಿ. ಕೊಮೊಡಸ್ ಸಾಮ್ರಾಟನಾಗಿದ್ದೂ ನಿಜವಾಗಿ ಅಖಾಡಕ್ಕೆ ಇಳಿಯುತ್ತಿದ್ದ. ಒಮ್ಮೆ ಒಂದು ಉಷ್ಟ್ರಪಕ್ಷಿಯನ್ನು ಕೊಂದು, ಅದರ ತಲೆಯನ್ನು ಒಂದು ಕೈಯಲ್ಲಿ, ರಕ್ತದ ಕತ್ತಿಯನ್ನು ಇನ್ನೊಂದರಲ್ಲಿ ಹಿಡಿದು, ಸೆನೆಟರುಗಳು ಕುಳಿತಲ್ಲಿಗೆ ಬಂದು, ಏನೂ ಮಾತಾಡದೆ ಹಲ್ಲು ಕಿರಿದು ತಲೆ ಅಲ್ಲಾಡಿಸಿದ. ಮುಂದೆ ನಿಮ್ಮ ಗತಿಯೂ ಇದೇ ಎಂದು ಅದರ ಅರ್ಥ. ಅವರಿಗೆ ನಗು ಬಂದುಬಿಟ್ಟಿತು. ನಕ್ಕರೆ ತಲೆ ಹೋಗುತ್ತದೆ. ಆ ಸಾಲಿನಲ್ಲಿದ್ದ ಕ್ಯಾಸಿಯಸ್ ಡಿಯೊ ತನ್ನ ಮಾಲೆಯ ಎಲೆಗಳನ್ನು ಕಿತ್ತು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದ, ಪಕ್ಕದವರಿಗೂ ಹಾಗೆ ಮಾಡಲು ಹೇಳಿದ, ಮುಂದೆ ತನ್ನ ಇತಿಹಾಸದಲ್ಲಿ ಅದನ್ನು ಬರೆದ. ನಿಮ್ಮ ಮಗ ಆಡಿದ ಆಟದ ಕೊಮೊಡಸ್‌ಗಿಂತ ಈ ಕೊಮೊಡಸ್ ಹೆಚ್ಚು ಭಯಂಕರನಲ್ಲವೇ?

ಸಾಧ್ಯವಾದರೆ 'ಅಸ್ಯಾಸಿನ್ಸ್ ಕ್ರೀಡ್ ಆರಿಜಿನ್ಸ್' ಆಟಕ್ಕೆ 2018ರಲ್ಲಿ ಸೇರಿಸಿದ 'ಡಿಸ್ಕವರಿ ಟೂರ್' ಭಾಗವನ್ನು ಅವನ ಜೊತೆ ಕೂತು ನೋಡಿ. ಕ್ಲಿಯೋಪಾತ್ರಳ ಕಾಲದ ಅಲೆಕ್ಸಾಂಡ್ರಿಯಾದಲ್ಲಿ ಕಾಳಗವಿಲ್ಲದೆ ಓಡಾಡಬಹುದು, ವಿವರಣೆ ಕೇಳಬಹುದು. ಹಾಗೆಯೇ ಒಂದು ರವಿವಾರ ಲಕ್ಕುಂಡಿಗೆ ಕರೆದೊಯ್ಯಿರಿ, ನಿಮಗೆ ಹತ್ತಿರ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ 11ನೇ ಶತಮಾನದ ಆರಂಭದ್ದು. ಇಮ್ಮಡಿ ಪುಲಕೇಶಿಯ ಆಟದಲ್ಲಿ ಈ ಬಸದಿಯನ್ನು ನಿಲ್ಲಿಸಿದರೆ ನೀನು ಸುಮ್ಮನಿರುತ್ತೀಯಾ ಎಂದು ಅವನನ್ನೇ ಕೇಳಿ.

ಮೇಡಂ, ನಾನು ಪ್ರೌಢಶಾಲೆಯ ಶಿಕ್ಷಕ. ಮಕ್ಕಳು ಆಡುವ ಆಟದಲ್ಲಿ ಗುಲಾಮಗಿರಿ, ಕ್ರೌರ್ಯ ಯಾಕೆ ಬೇಕು? ಅವನ್ನು ತೆಗೆದು ರೋಮ್‌ನ ರಸ್ತೆ, ಕಾಲುವೆ, ಕಟ್ಟಡಗಳನ್ನಷ್ಟೇ ತೋರಿಸಿದರೆ ಸಾಲದೇ? — ರಾಣೆಬೆನ್ನೂರು

ಗುರುಗಳೇ, ಸಾಲದು. ನಿಮ್ಮ ಕಳಕಳಿ ನನಗೆ ಅರ್ಥವಾಗುತ್ತದೆ, ಆದರೆ ಈ ವಿಷಯದಲ್ಲಿ ನಾನು ಬಗ್ಗುವುದಿಲ್ಲ.

ನೀವು ಬಯಸುವಂಥ ಆಟ 1998ರಲ್ಲೇ ಬಂದಿದೆ: 'ಸೀಸರ್ 3'. ಊರು ಕಟ್ಟುವ ಆಟ, ರಕ್ತ ಬಹಳ ಕಡಿಮೆ. ನೀರಿನ ಮೇಲ್ಗಾಲುವೆ ತರಬೇಕು, ಕಣಜ ಕಟ್ಟಿ ಧಾನ್ಯ ತುಂಬಿಸಬೇಕು, ಸಂತೆ ನಡೆಸಬೇಕು, ಬೆಂಕಿ ನಂದಿಸುವವರನ್ನು ಇಡಬೇಕು, ಸೆರೆಸ್, ನೆಪ್ಚೂನ್ ಮುಂತಾದ ದೇವತೆಗಳನ್ನು ಮರೆತರೆ ಶಾಪ ತಟ್ಟುತ್ತದೆ. ರೋಮ್‌ಗೆ ಅನ್ನದ ಚಿಂತೆ ಎಷ್ಟು ದೊಡ್ಡದಿತ್ತು ಎಂಬುದನ್ನು ನನ್ನ ಪಾಠಕ್ಕಿಂತ ಚೆನ್ನಾಗಿ ಆ ಆಟ ಕಲಿಸುತ್ತದೆ. ಮನೆಗಳು ಬೆಳೆದು ಬಂಗಲೆಗಳಾದಾಗ ಅಲ್ಲಿ ಶ್ರೀಮಂತರು ಬಂದು ನೆಲೆಸುತ್ತಾರೆ, ಅವರು ಯಾವ ಕೆಲಸವನ್ನೂ ಮಾಡುವುದಿಲ್ಲ, ಊರಿಗೆ ದುಡಿಯುವ ಕೈ ಕಡಿಮೆಯಾಗುತ್ತದೆ. ಎಂಥ ಒಳ್ಳೆಯ ಗಮನಿಕೆ! ಆದರೆ ಆ ಊರಿನಲ್ಲಿ ದುಡಿಯುವವರೆಲ್ಲರೂ ಕೂಲಿ ಪಡೆಯುವ ಸ್ವತಂತ್ರ ಜನ. ಗುಲಾಮರಿಲ್ಲ. ಗಣಿಯಲ್ಲಿ, ಹೊಲದಲ್ಲಿ, ಅಡುಗೆಮನೆಯಲ್ಲಿ ಗುಲಾಮರಿಲ್ಲದ ರೋಮ್ ಎಂದೂ ಇರಲಿಲ್ಲ. ಸೈನಿಕನ ಕವಚದಲ್ಲಿ ಇನ್ನೂರು ವರ್ಷ ತಪ್ಪಿದರೆ ತಿದ್ದಬಹುದು. ದುಡಿದ ಜನರನ್ನೇ ಚಿತ್ರದಿಂದ ತೆಗೆದರೆ ಆ ಕಾಲುವೆಯನ್ನು ಯಾರು ತೋಡಿದರು ಎಂಬ ಪ್ರಶ್ನೆಯೇ ಮಗುವಿಗೆ ಹುಟ್ಟುವುದಿಲ್ಲ.

ರೋಮ್‌ನ ವಸ್ತುಸಂಗ್ರಹಾಲಯದಲ್ಲಿ ಒಂದು ಕಬ್ಬಿಣದ ಕೊರಳಪಟ್ಟಿಯಿದೆ. ಅದಕ್ಕೆ ತೂಗುಹಾಕಿದ ಬಿಲ್ಲೆಯ ಮೇಲೆ ಬರೆದಿರುವುದರ ತಾತ್ಪರ್ಯ: ನಾನು ಓಡಿ ಬಂದಿದ್ದೇನೆ, ಹಿಡಿಯಿರಿ, ಒಡೆಯ ಜೋನಿನಸ್‌ಗೆ ಮರಳಿ ಒಪ್ಪಿಸಿದರೆ ಒಂದು ಚಿನ್ನದ ನಾಣ್ಯ ಸಿಗುತ್ತದೆ. ಕ್ರೌರ್ಯ ತೋರಿಸಲು ರಕ್ತದ ಚಿತ್ರ ಬೇಕಿಲ್ಲ. ಎಂಟನೆಯ ತರಗತಿಯ ಮಗುವಿಗೂ ಈ ಬಿಲ್ಲೆಯನ್ನು ತೋರಿಸಬಹುದು. ಅದರ ಜೊತೆಗೆ ಯೂರಿಸೇಸಸ್ ಎಂಬ ರೊಟ್ಟಿ ವ್ಯಾಪಾರಿಯ ಗೋರಿಯನ್ನೂ ತೋರಿಸಿ. ಅವನು ಬಹುಶಃ ಬಿಡುಗಡೆ ಪಡೆದ ಗುಲಾಮ. ರೋಮ್‌ನ ದೊಡ್ಡ ಬಾಗಿಲೊಂದರ ಪಕ್ಕದಲ್ಲಿ ಆ ಗೋರಿ ಇಂದಿಗೂ ನಿಂತಿದೆ. ಅದರ ಮೇಲೆ ಹಿಟ್ಟು ಬೀಸುವವರು, ಕಣಕ ನಾದುವವರು, ಒಲೆಗೆ ಹಾಕುವವರು, ರೊಟ್ಟಿ ತೂಗುವವರು ಸಾಲಾಗಿ ಕೆತ್ತಲ್ಪಟ್ಟಿದ್ದಾರೆ. ಆಟ ಕಟ್ಟುವವರಿಗೆ ನನ್ನ ಬೇಡಿಕೆ ಒಂದೇ: ಗುಲಾಮರನ್ನು ಪಾಯಿಂಟ್ ಕೊಟ್ಟು ಕೊಳ್ಳುವ ಸರಕಾಗಿ ಮಾಡಬೇಡಿ, ಯೂರಿಸೇಸಸ್‌ನಂಥವರ ಕೈಯಲ್ಲಿ ಕಥೆ ಕೊಡಿ.

ಅಕ್ಕಾವರೇ, ಹವ್ಯಾಸಕ್ಕೆ ಆಟಗಳ ಕಥೆ ಬರೆಯುತ್ತೇನೆ. ನಮ್ಮ ಸೀಮೆಗೂ ರೋಮ್‌ಗೂ ಸಂಬಂಧವಿತ್ತೇ? ರೋಮ್‌ಗೆ ಹೋಗುವ ಹಡಗಿಗೆ ನಮ್ಮ ಮೆಣಸಿನಕಾಯಿ ಏರಿಸಿದರೆ ತಪ್ಪೇ? — ಬ್ಯಾಡಗಿ

ತಪ್ಪು ತಮ್ಮಾ. ನಿನ್ನ ಊರಿನ ಮಾರುಕಟ್ಟೆಯ ಮೇಲೆ ನನಗೂ ಅಭಿಮಾನವಿದೆ, ಆದರೆ ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರು ಬಂದ ಮೇಲೆಯೇ ಅದು ನಮ್ಮ ನೆಲ ಕಂಡದ್ದು. ಆಗ ರೋಮ್‌ನ ಪಶ್ಚಿಮ ಸಾಮ್ರಾಜ್ಯ ಮುಳುಗಿ ಸಾವಿರ ವರ್ಷ ಕಳೆದಿತ್ತು.

ಸಂಬಂಧ ಮಾತ್ರ ಖಂಡಿತ ಇತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಾಮ್ರಾಟರಾದ ಅಗಸ್ಟಸ್, ಟೈಬೀರಿಯಸ್ ಕಾಲದ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ನಿನಗೆ ಸಮೀಪದ ಬನವಾಸಿಯ ಹೆಸರು ಕ್ರಿ.ಶ. 2ನೇ ಶತಮಾನದ ಭೂಗೋಳಜ್ಞ ಟಾಲೆಮಿಯ ಗ್ರಂಥದಲ್ಲಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ ಒಂದರಲ್ಲಿ ಗ್ರೀಕ್ ಪ್ರಹಸನವಿದೆ: ಭಾರತದ ಕಡಲತೀರದಲ್ಲಿ ಸಿಕ್ಕಿಬಿದ್ದ ಗ್ರೀಕ್ ಹೆಣ್ಣುಮಗಳನ್ನು ಅವಳ ಕಡೆಯವರು ರಾಜನಿಗೆ ಮದ್ಯ ಕುಡಿಸಿ ಬಿಡಿಸಿಕೊಳ್ಳುವ ಕಥೆ. ಅದರಲ್ಲಿ ರಾಜನ ಕಡೆಯವರು ಆಡುವ ಮಾತು ಕನ್ನಡ ಎಂದು ಜರ್ಮನ್ ವಿದ್ವಾಂಸ ಹುಲ್ಟ್ಜ್ 1904ರಲ್ಲಿ ವಾದಿಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ಕಥೆಗಾರನಿಗೆ ಇಂಥ ಜಾಗವೇ ಬೇಕು. ಒಪ್ಪದವರಿದ್ದಾರೆ ಎಂಬುದನ್ನೂ ಆಟದಲ್ಲಿ ಒಂದು ಸಾಲಿನಲ್ಲಿ ಹೇಳಿಬಿಡು.

ಹಡಗಿಗೆ ಕರಿಮೆಣಸು ಏರಿಸು. ಕೆಂಪು ಸಮುದ್ರದ ದಂಡೆಯ ಬೆರೆನಿಕೆ ಬಂದರಿನಲ್ಲಿ ಪುರಾತತ್ವಜ್ಞರು ಭಾರತದಲ್ಲಿ ಮಾಡಿದ ಒಂದು ದೊಡ್ಡ ಗಡಿಗೆಯನ್ನು ಅಗೆದು ತೆಗೆದರು. ಅದರೊಳಗೆ ಏಳು ಕಿಲೋಗೂ ಹೆಚ್ಚು ಕರಿಮೆಣಸು ಇತ್ತು. ಗಡಿಗೆ ಸಿಕ್ಕದ್ದು ಸೆರಾಪಿಸ್ ದೇವರ ಗುಡಿಯ ಅಂಗಳದಲ್ಲಿ. ನಿನ್ನ ಹಡಗು ಮಲಬಾರಿನ ಮುಜಿರಿಸ್ ಬಂದರಿನಿಂದ ಹೊರಡಲಿ, ಬೆರೆನಿಕೆಯಲ್ಲಿ ಇಳಿದ ಸರಕು ಒಂಟೆಗಳ ಮೇಲೆ ನೈಲ್ ನದಿಯವರೆಗೆ ಸಾಗಲಿ, ಅಲ್ಲಿಂದ ದೋಣಿಯಲ್ಲಿ ಅಲೆಕ್ಸಾಂಡ್ರಿಯಾ ಸೇರಲಿ. ಅಲ್ಲಿ ಸುಂಕದವರು ಸರ್ಕಾರದ ಪಾಲೆಂದು ನಾಲ್ಕರಲ್ಲಿ ಒಂದು ಭಾಗ ಕೇಳುತ್ತಾರೆ. ನಿನ್ನ ಬನವಾಸಿಯ ವ್ಯಾಪಾರಿ ಅವರೊಡನೆ ಚೌಕಾಸಿ ಮಾಡಲಿ, ಆಟ ಅಲ್ಲಿಂದ ಶುರುವಾಗಲಿ.